ವಿದೇಶಿ ದುಡ್ಡಿನ ಪ್ರಾಜೆಕ್ಟಿನ್ಯಾಗ ರಾಜ್ಯ ಸರಕಾರದ್ದು ಏನ್ ಕೆಲಸ ಅಂತ ಕೇಳೀರಲ್ರಿ, ನನಗ ಗೊತ್ತಿದ್ದಷ್ಟು ಹೇಳ್ತೀನಿ

ವರ್ಲ್ಡ್ ಬ್ಯಾಂಕು, ಹೊರದೇಶದ ಯೂನಿವರ್ಸಿಟಿಗಳು ಸೇರಿ ಮಾಡೋ ನೀರು, ಮಣ್ಣು, ಪರಿಸರದ ಪ್ರಾಜೆಕ್ಟಿನ್ಯಾಗ ರಾಜ್ಯ ಸರಕಾರ ಖರೇನ ಏನರ ಮಾಡ್ತೈತೋ ಇಲ್ಲಾ ದಿಲ್ಲಿಯವ್ರು ತೋರಿಸಿದಲ್ಲಿ ಸಹಿ ಹಾಕ್ತೈತೋ ಅಂತ ನಿಮ್ಮ ಪ್ರಶ್ನೆ. ನಾ ಆಫೀಸರ್ ಅಲ್ರಿ. 2003ರ ಸುಮಾರಿಗೆ ಹಾವೇರಿ ಜಿಲ್ಲೆದಾಗ ಸುಜಲ ಜಲಾನಯನ ಯೋಜನೆದಾಗ ಒಂದು ಸಂಸ್ಥೆ ಕಡಿಂದ ಫೀಲ್ಡ್ ಕೆಲಸ ಮಾಡೀನಿ, ಆಮ್ಯಾಲ ಹುಬ್ಬಳ್ಳಿಗೆ ಬಂದು ಬಾಡಿಗಿ ಮನ್ಯಾಗ ಕೊಡ ಇಟ್ಕೊಂಡು ನೀರಿಗೆ ಕಾದೀನಿ, ಇಷ್ಟ ನನ್ನ ಯೋಗ್ಯತಾ.

ಮೊದಲ ಸಹಿ ವಿಷಯ ಮುಗಿಸಿಬಿಡೂಣು. ಹೊರದೇಶದ ಸಾಲ ರಾಜ್ಯ ತಾನ ನೇರ ತಗೊಳ್ಳಾಕ ಬರೂದಿಲ್ಲ. ಲೋನ್ ಅಗ್ರಿಮೆಂಟ್ ಕೇಂದ್ರದ ಹೆಸರಿಗೆ, ಆದ್ರ ಅದರ ಜೋಡಿ ರಾಜ್ಯದ ಸಂಗಟ ಬ್ಯಾರೇನ ಒಂದು ಪ್ರಾಜೆಕ್ಟ್ ಅಗ್ರಿಮೆಂಟ್ ಆಗ್ತೈತಿ, ಕೆಲಸದ ಹೊರಿ ಪೂರಾ ಅದರಾಗ ಇರ್ತೈತಿ. ಯಾಕಂದ್ರ ವಿದೇಶಿ ಒಪ್ಪಂದ ಸಂವಿಧಾನದ ಕೇಂದ್ರ ಪಟ್ಟಿಯೊಳಗ, ಕೃಷಿ, ನೀರು, ಭೂಮಿ ರಾಜ್ಯ ಪಟ್ಟಿಯೊಳಗ. ಅಂದ್ರ ಹೊರಗಿನವ್ರು ದುಡ್ಡು ಕೊಡಬಹುದು, ಬುದ್ಧಿನೂ ಹೇಳಬಹುದು, ಆದ್ರ ಯಾವ ಊರು, ಯಾವ ವಾರ್ಡು, ಯಾರ ಹೊಲ ಅನ್ನೋದು ರಾಜ್ಯದ ಕೈಯಾಗ. ನನ್ನ ಲೆಕ್ಕದಾಗ ಇಡೀ ಆಟ ಇಲ್ಲೇ ಐತ್ರಿ.

ಸುಜಲ 2001ರಾಗ ವರ್ಲ್ಡ್ ಬ್ಯಾಂಕ್ ಸಾಲದಾಗ ಶುರುವಾತು, ಧಾರವಾಡ, ಹಾವೇರಿ, ಚಿತ್ರದುರ್ಗ, ತುಮಕೂರು, ಕೋಲಾರ ಐದು ಜಿಲ್ಲೆ. ಇಸ್ರೋ ಕಡಿಯವ್ರು ಸೆಟಲೈಟ್ ಫೋಟೋ ಹಿಡಕೊಂಡು ಏನ್ ಬದಲಾತು ಅಂತ ನೋಡ್ತಿದ್ರು. ಮ್ಯಾಲಿಂದ ಹಂಗ ಕಾಣ್ತಿತ್ತು, ಕೆಳಗ ನಾವು ಸರ್ವೆ ನಂಬರ್ ನಕ್ಷೆ ಹಿಡಕೊಂಡು ಒಬ್ಬೊಬ್ಬ ರೈತನ ಹೊಲದಾಗ ಅಡ್ಡಾಡಿ ಒಡ್ಡು ಎಲ್ಲಿ ಬರಬೇಕು, ನೀರು ಎಲ್ಲಿ ಹೊರಗ ಹೋಗಬೇಕು ಅಂತ ಬರ್ಕೋತಿದ್ವಿ, ನೆಟ್ ಪ್ಲಾನ್ ಅಂತಿದ್ರು ಅದಕ್ಕ, ರೈತ ಒಪ್ಪಿ ಸಹಿ ಇಲ್ಲಾ ಹೆಬ್ಬೆಟ್ಟು ಹಾಕಬೇಕು, ವಂತಿಗಿನೂ ಕೊಡಬೇಕು. ಒಬ್ಬ ಅಜ್ಜ ಮೂರು ದಿನ ಒಪ್ಪಲಿಲ್ರಿ. ಅವನ ಮಸಾರಿ ಹೊಲದ ನೀರು ಕೆಳಗಿನವನ ಎರಿ ಹೊಲಕ್ಕ ನುಗ್ಗತಿತ್ತು, ಒಡ್ಡು ಹಾಕಿದ್ರ ತನ್ನ ಎರಡು ಸಾಲು ಹೋಗ್ತಾವ ಅಂತ ಅವನ ಹಟ. "ಬ್ಯಾಂಕಿನವ ಬಂದು ಬಿತ್ತತಾನೇನೋ ತಮ್ಮಾ" ಅಂದ. ಅವನ ಮುಂದ ವರ್ಲ್ಡ್ ಬ್ಯಾಂಕಿನ ವಾಷಿಂಗ್ಟನ್ ಆಫೀಸಿನ ಹೆಸರು ಹೇಳಿದ್ರ ಏನ್ ಉಪಯೋಗ, ಕಡೀಕ ಇಲಾಖೆಯವ್ರು, ಊರ ಹಿರ್ಯಾರು ಕುಂತು ಒಡ್ಡಿನ ಜಾಗ ಒಂದೀಟು ಸರಿಸಿದ ಮ್ಯಾಲ ಹೆಬ್ಬೆಟ್ಟು ಒತ್ತಿದ.

ಇನ್ನ ಸಂಶೋಧನೆ. 2009ರಾಗ ರಾಜ್ಯ ಸರಕಾರನ ಹೈದರಾಬಾದ್ ಹತ್ರದ ಇಕ್ರಿಸ್ಯಾಟ್ ಅನ್ನೋ ಇಂಟರ್‌ನ್ಯಾಷನಲ್ ಕೃಷಿ ಸಂಶೋಧನಾ ಸಂಸ್ಥೆ ಜೋಡಿ ಭೂಚೇತನ ಅನ್ನೋ ಯೋಜನೆ ಮಾಡ್ತು. ಮಣ್ಣು ಪರೀಕ್ಷೆ ಮಾಡಿ ಜಿಂಕ್, ಬೋರಾನ್, ಗಂಧಕ ಎಲ್ಲಿ ಕಡಿಮಿ ಐತಿ ಅಂತ ನೋಡಿ ರೈತ ಸಂಪರ್ಕ ಕೇಂದ್ರದಾಗ ಸಬ್ಸಿಡಿಗೆ ಕೊಡೋದು, ಊರೂರಿಗೆ ರೈತರಿಗೆ ತಿಳಿಸಿ ಹೇಳೋ ಅನುವುಗಾರರನ್ನ ಇಡೋದು. ವಿಜ್ಞಾನ ಚಲೋನ ಇತ್ತು. ಆದ್ರ ನಮ್ಮ ದೊಡ್ಡಪ್ಪಗ ಮಣ್ಣು ಪರೀಕ್ಷೆ ಚೀಟಿ ಮುಟ್ಟಿದ್ದು ಬಿತ್ತಿಗಿ ಮುಗದ ಮ್ಯಾಲ, ಅದನ್ನ ಮಡಚಿ ದೇವರ ಫೋಟೋದ ಹಿಂದ ಇಟ್ಟಾನ, ಈಗೂ ಐತಿ. ಇಂಥಲ್ಲಿ ಇಂಟರ್‌ನ್ಯಾಷನಲ್ ಸಂಸ್ಥೆಗೆ ಬೈದು ಉಪಯೋಗಿಲ್ಲ, ಲ್ಯಾಬಿನಿಂದ ಹೊಲದ ತನಕ ಆ ಚೀಟಿ ಹೊತಗೊಂಡು ಬರೋದು ನಮ್ಮವರ ಕೆಲಸ.

ನನಗ ಭಾಳ ಮಜಾ ಅನ್ನಿಸಿದ್ದು ಹುಬ್ಬಳ್ಳಿ-ಧಾರವಾಡದ ನೀರಿಂದು. ವರ್ಲ್ಡ್ ಬ್ಯಾಂಕ್ ಸಾಲದಾಗ 24 ತಾಸು ನೀರು ಅಂತ ಮೊದಲ ಎಂಟು ವಾರ್ಡಿಗೆ ಅಷ್ಟ ಕೊಟ್ರು, ಹುಬ್ಬಳ್ಳಿ-ಧಾರವಾಡದ ಜೋಡಿ ಬೆಳಗಾವಿ, ಕಲಬುರಗಿದಾಗೂ ಒಂದಿಷ್ಟು ವಾರ್ಡು. ಉಳದ ನಮಗ ವಾರಕ್ಕೊಮ್ಮೆ, ರಾತ್ರಿ ಎರಡಕ್ಕ ನಳ ಬಂತಂದ್ರ ಇಡೀ ಓಣಿ ಎದ್ದು ಹಂಡೆ, ಕೊಡ, ಬಕೆಟ್ ತುಂಬೂದ. ಪಕ್ಕದ ವಾರ್ಡಿನವ್ರ ಮ್ಯಾಲ ಎಷ್ಟ ಹೊಟ್ಟಿಕಿಚ್ಚು ಅಂತೀರಿ! ಆದ್ರ ಹಿಂಗ ಕೆಲವು ವಾರ್ಡಿಗೆ ಕೊಟ್ಟು ಉಳದವು ಬಿಟ್ಟಿದ್ದಕ್ಕ ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯವ್ರಿಗೆ ಹೋಲಿಸಿ ನೋಡಾಕ ಬಂತು. 2010-11ರಾಗ ಎರಡೂ ಕಡಿ ಸೇರಿ ಸುಮಾರು 4,000 ಮನಿ ನೋಡಿದ್ರು. 24 ತಾಸಿನ ನೀರು ಸ್ವಚ್ಛ ಇತ್ತು, ಟೈಫಾಯ್ಡ್ ಕಡಿಮಿ ಇತ್ತು, ಆದ್ರ ಐದು ವರ್ಷದೊಳಗಿನ ಮಕ್ಕಳ ಭೇದಿ ಒಟ್ಟಾರೆ ಅಂಥಾ ಕಡಿಮಿ ಆಗಿರಲಿಲ್ಲ. 2015ರಾಗ ಇದು ಪ್ರಿಂಟ್ ಆತು. ರಾಜ್ಯ ಸರಕಾರ ಸಂಶೋಧನೆ ಮಾಡಬೇಕಂತ ವಾರ್ಡು ಆರಿಸಿದ್ದಲ್ಲ, ಆದ್ರ ಅದು ಆರಿಸಿದ್ದಕ್ಕ ದುನಿಯಾಕ್ಕ ಒಂದು ಉತ್ತರ ಸಿಕ್ತು ನೋಡ್ರಿ. ಆ ಉತ್ತರ ಓದಿ, ಬರೀ ನೀರಿಂದ ಭೇದಿ ನಿಲ್ಲೂದಿಲ್ಲಂತ ತಿಳಕೊಂಡು ನಳದ ಜೋಡಿ ಗಟಾರಕ್ಕೂ ರೊಕ್ಕ ಇಡೋದು ಬಿಡೋದು ಮತ್ತ ಇಲ್ಲಿಯವ್ರ ಕೈಯಾಗ.

ಗದಗ ಜಿಲ್ಲೆಯ ಮಾಗಡಿ ಕೆರಿನೂ ಹಂಗ. 2024ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಕೆರಿ, ಜೌಗು ಕಾಯೋ ಇಂಟರ್‌ನ್ಯಾಷನಲ್ ಒಪ್ಪಂದದ ಪಟ್ಟಿಗೆ ಸೇರ್ತು, ಒಪ್ಪಂದಕ್ಕ ಸಹಿ ಹಾಕಿದ್ದು ಭಾರತ. ಆದ್ರ ಹಿಮಾಲಯ ದಾಟಿ ಬರೋ ಆ ಪಟ್ಟೆತಲೆ ಹೆಬ್ಬಾತು ಸುತ್ತಲಿನ ಹೊಲಕ್ಕ ಮೇಯಾಕ ಹೊಕ್ಕಾಗ ರೈತ ಓಡಿ ಹೋಗೋದು ದಿಲ್ಲಿಗಲ್ಲ, ನಮ್ಮ ಅರಣ್ಯ ಇಲಾಖೆ ಗಾರ್ಡ್ ಹತ್ರ.

ನೀವು ಓದೋ ಸಲುವಾಗಿ ಕೇಳಿದ್ರ ಒಂದ್ ಮಾತು: ವರ್ಲ್ಡ್ ಬ್ಯಾಂಕ್ ವೆಬ್‌ಸೈಟಿನ್ಯಾಗ ಲೋನ್ ಅಗ್ರಿಮೆಂಟ್, ಪ್ರಾಜೆಕ್ಟ್ ಅಗ್ರಿಮೆಂಟ್ ಎರಡೂ ಸಿಗ್ತಾವು, ಎರಡನೇದ್ದು ಮೊದಲ ಓದ್ರಿ. ಅದರಾಗ "ಕರ್ನಾಟಕ ಇದನ್ನ ಮಾಡತಕ್ಕದ್ದು" ಅಂತ ಎಷ್ಟ ಸಲ ಬರ್ತೈತಿ ಎಣಿಸಿ ಇಲ್ಲೇ ಕೆಳಗ ಹಾಕ್ರಿ, ನಾನೂ ನೋಡ್ತೀನಿ.