ಓದುಗರ ಪ್ರಶ್ನೆ: ಸೇನಾ ನೆಲೆ ಮತ್ತು ಅದರ ಪಕ್ಕದ ಊರು

ಪ್ರಶ್ನೆ: ಮರಾಠಾ ರೆಜಿಮೆಂಟ್ ಕೇಂದ್ರ, ಜೂನಿಯರ್ ಲೀಡರ್ಸ್ ವಿಂಗ್, ಸಾಂಬ್ರಾದ ಏರ್‌ಮೆನ್ ಟ್ರೇನಿಂಗ್ ಸ್ಕೂಲ್ ಇವೆಲ್ಲ ಬೆಳಗಾವಿಯ ಆಸ್ತಿ. ಅಮೆರಿಕದಲ್ಲಿ ಸೇನಾ ನೆಲೆ ಕೈತಪ್ಪದಿರಲೆಂದು ಅಲ್ಲಿನ ರಾಜ್ಯ ಸರ್ಕಾರಗಳೇ ಖರ್ಚು ಮಾಡುತ್ತವಂತೆ. ನಮ್ಮ ರಾಜ್ಯ ಸರ್ಕಾರಕ್ಕೂ ಇಂಥದ್ದೇನಾದರೂ ಸಾಧ್ಯವೇ, ಇಲ್ಲಾ ಎಲ್ಲವೂ ದಿಲ್ಲಿಯ ಕೈಯಲ್ಲೇ ಇದೆಯೇ?
– ನಿವೃತ್ತ ಶಿಕ್ಷಕರು, ಕ್ಯಾಂಪ್, ಬೆಳಗಾವಿ

ಉತ್ತರ: ನೆಲೆ ಎಲ್ಲಿರಬೇಕು ಎಂಬ ತೀರ್ಮಾನ ಪೂರ್ತಿ ಕೇಂದ್ರದ್ದು. ರಕ್ಷಣೆಯೂ ಕಂಟೋನ್ಮೆಂಟ್ ಆಡಳಿತವೂ ಸಂವಿಧಾನದ ಕೇಂದ್ರಪಟ್ಟಿಯಲ್ಲಿವೆ. ಆದರೆ ಜಮೀನು, ನೀರು, ಪೊಲೀಸು, ಸ್ಥಳೀಯ ಸಂಸ್ಥೆಗಳು ರಾಜ್ಯಪಟ್ಟಿಯಲ್ಲಿವೆ. ಒಂದು ತರಬೇತಿ ಕೇಂದ್ರ ದಿನ ದೂಡುವುದು ಇವುಗಳ ಮೇಲೇ. ಹಾಗಾಗಿ ರಾಜ್ಯದ ಕೈ ಖಾಲಿಯೇನಲ್ಲ.

ಅಮೆರಿಕದ ವಿಚಾರ ನಿಜ. ಅಲ್ಲಿ 1988ರಿಂದ 2005ರವರೆಗೆ ಐದು ಸುತ್ತಿನಲ್ಲಿ ಸೇನಾ ನೆಲೆಗಳನ್ನು ಮುಚ್ಚುವ, ಒಗ್ಗೂಡಿಸುವ ಕೆಲಸ ನಡೆಯಿತು. ಅದರಲ್ಲಿ ನಮಗೆ ಪಾಠವಾಗುವುದು ವರ್ಜೀನಿಯಾದ ಓಷಿಯಾನಾ ನೌಕಾ ವಿಮಾನ ನೆಲೆಯ ಪ್ರಕರಣ. ನೆಲೆಯ ಸುತ್ತ ಮನೆ, ಅಂಗಡಿಗಳು ಒತ್ತೊತ್ತಾಗಿ ಎದ್ದು, ವಿಮಾನ ಅಪಘಾತದ ಅಪಾಯವಿರುವ ನೆಲಪಟ್ಟಿಯೊಳಕ್ಕೂ ನುಗ್ಗಿದ್ದವು. ಈ ಕಟ್ಟಡಗಳಿಗೆ ತಡೆ ಹಾಕಿ, ಇಲ್ಲವಾದರೆ ಯುದ್ಧವಿಮಾನಗಳು ಫ್ಲೋರಿಡಾದ ಸೆಸಿಲ್ ಫೀಲ್ಡ್‌ಗೆ ಹೋಗುತ್ತವೆ ಎಂದು 2005ರ ಆಯೋಗ ಷರತ್ತು ಹಾಕಿತು. ರಾಜ್ಯ ಮತ್ತು ನಗರಾಡಳಿತ ಸೇರಿ ವರ್ಷಕ್ಕೆ 1.5 ಕೋಟಿ ಡಾಲರ್ ತೆಗೆದಿಟ್ಟು ಆ ಪಟ್ಟಿಯ ಜಾಗ ಕೊಳ್ಳತೊಡಗಿದವು, ವಲಯ ನಿಯಮ ಬಿಗಿ ಮಾಡಿದವು. ವಿಮಾನಗಳು ಅಲ್ಲೇ ಉಳಿದವು. ಮನವಿ ಪತ್ರ, ನಿಯೋಗ ಎಷ್ಟಿದ್ದರೂ ಲೆಕ್ಕಕ್ಕೆ ಬಂದದ್ದು ಗೋಡೆಯ ಹೊರಗಿನ ಜಾಗ.

ನಮ್ಮಲ್ಲಿ ರಾಜ್ಯದ ಕೈಯಲ್ಲಿರುವ ಒಂದು ಗಟ್ಟಿ ಅಧಿಕಾರವನ್ನು ಬಹಳ ಮಂದಿ ಗಮನಿಸಿಲ್ಲ. ಸೇನಾ ಕವಾಯತು ಮತ್ತು ಫೈರಿಂಗ್ ಅಭ್ಯಾಸದ 1938ರ ಕಾಯ್ದೆಯ ಪ್ರಕಾರ, ಗುಂಡು ಹಾರಿಸುವ ಅಭ್ಯಾಸಕ್ಕೆ ಇಂಥ ಪ್ರದೇಶ ಇಷ್ಟು ವರ್ಷ ಎಂದು ಅಧಿಸೂಚನೆ ಹೊರಡಿಸಬೇಕಾದದ್ದು ರಾಜ್ಯ ಸರ್ಕಾರ. ಜಾರ್ಖಂಡ್‌ನ ನೇತರಹಾಟ್‌ನಲ್ಲಿ ಜನರ ದೀರ್ಘ ವಿರೋಧದ ಬಳಿಕ 2022ರಲ್ಲಿ ಅಲ್ಲಿನ ಸರ್ಕಾರ ಫೈರಿಂಗ್ ಅಭ್ಯಾಸದ ಅವಧಿ ವಿಸ್ತರಿಸಲಿಲ್ಲ. ಜನರ ಜಮೀನು, ಜಾನುವಾರುಗಳ ಸುರಕ್ಷತೆ ನೋಡಿ ಒಪ್ಪಿಗೆ ಕೊಡುವುದೂ ನಿರಾಕರಿಸುವುದೂ ರಾಜ್ಯದ ಹೊಣೆ. ಫೈರಿಂಗ್ ಜಾಗವಿಲ್ಲದ ಪದಾತಿ ತರಬೇತಿ ಕೇಂದ್ರ ಬಹುಕಾಲ ನಿಲ್ಲದು.

ಮರಾಠಾ ರೆಜಿಮೆಂಟ್ ಕೇಂದ್ರ 1922ರಿಂದ ಇಲ್ಲಿದೆ. ಹಳೆಯದೆಂಬ ಕಾರಣಕ್ಕೇ ಅದು ಮುಂದೆಯೂ ಇರುತ್ತದೆ ಎಂದು ಜಿಲ್ಲಾಡಳಿತ ನಿಶ್ಚಿಂತೆಯಿಂದ ಕೂರಬಾರದು. ರಕ್ಕಸಕೊಪ್ಪ, ಹಿಡಕಲ್‌ನಿಂದ ನಗರಕ್ಕೆ ಬರುವ ನೀರು ಹಂಚುವಾಗ ಬೇಸಿಗೆಯಲ್ಲಿ ಕಂಟೋನ್ಮೆಂಟ್‌ನ ಪಾಲು ಎಷ್ಟು ಎಂಬುದು ಮಾರ್ಚ್‌ಗೆ ಮುಂಚೆಯೇ ಬರವಣಿಗೆಯಲ್ಲಿ ತೀರ್ಮಾನವಾಗಬೇಕು.

ಪ್ರಶ್ನೆ: ಸಾಂಬ್ರಾ ರಸ್ತೆಯ ಹತ್ತಿರ ನಮ್ಮದು ಐದು ಗುಂಟೆ ಜಾಗ. ಎನ್‌ಎ (ಕೃಷಿಯೇತರ) ಆಗಿದೆ. ಒಂದು ಬದಿಗೆ ಏರ್‌ಫೋರ್ಸ್ ಕಂಪೌಂಡ್ ಇದೆ. ಮೂರು ಮಹಡಿ ಮನೆಗೆ ಪಂಚಾಯಿತಿ ಪರವಾನಗಿ ಸಾಕೇ? ಕೆಲಸ ಅರ್ಧಕ್ಕೆ ನಿಂತ ಮನೆಗಳನ್ನು ನೋಡಿ ಭಯವಾಗಿದೆ.
– ಓದುಗರು, ಮುತಗಾ

ಉತ್ತರ: ಸಾಲದು. ಎನ್‌ಎ ಆದೇಶ ಜಮೀನಿನ ಬಳಕೆ ಬದಲಿಸುತ್ತದೆ, ಅಷ್ಟೇ. ನಿಮಗೆ ಬೇರೆ ಬೇರೆ ಎರಡು ಒಪ್ಪಿಗೆ ಬೇಕಾಗಬಹುದು. ಜನ ಇವೆರಡನ್ನೂ ಒಂದೇ ಎಂದುಕೊಂಡು ಸಿಕ್ಕಿಬೀಳುತ್ತಾರೆ.

ಒಂದು ಭದ್ರತೆಯದು. ರಕ್ಷಣಾ ಸಚಿವಾಲಯದ 2011ರ ಮೇ 18ರ ಸೂಚನೆಯಂತೆ ಸೇನಾ ಜಾಗದಿಂದ 100 ಮೀಟರ್ ಒಳಗಿನ ಕಟ್ಟಡಕ್ಕೆ, ನಾಲ್ಕು ಮಹಡಿ ಮೀರಿದರೆ 500 ಮೀಟರ್‌ವರೆಗೂ, ಸ್ಥಳೀಯ ಸೇನಾಧಿಕಾರಿಯ ಅಭಿಪ್ರಾಯ ಕೇಳಬೇಕಿತ್ತು. 2016ರಲ್ಲಿ ಇದನ್ನು ಸಡಿಲಿಸಿ, ನೆಲೆಗಳನ್ನು ಬೇರೆ ಬೇರೆ ಪಟ್ಟಿಗೆ ಹಾಕಿ, ಒಂದೊಂದು ಪಟ್ಟಿಗೆ ಒಂದೊಂದು ದೂರ ಎಂದು ಮಾಡಲಾಯಿತು. ಅದಕ್ಕೇ ಪುಣೆಯದೋ ಬೆಂಗಳೂರಿನದೋ ಅಂಕಿ ಹಿಡಿದು ಇಲ್ಲಿ ವಾದಿಸಿ ಫಲವಿಲ್ಲ. ನಿಮ್ಮ ಸರ್ವೆ ನಂಬರಿಗೆ ಈಗ ಯಾವ ದೂರ ಅನ್ವಯಿಸುತ್ತದೆ ಎಂದು ಬುಡಾ (ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ಪಂಚಾಯಿತಿಯ ಮೂಲಕ ನೆಲೆಯ ಆಡಳಿತ ಕಚೇರಿಗೆ ಬರೆಯಿಸಿ, ಲಿಖಿತ ಉತ್ತರ ತೆಗೆದುಕೊಳ್ಳಿ. ಉತಾರ, ಹದ್ದು ತೋರಿಸುವ ಸರ್ವೆ ನಕ್ಷೆ, ಎನ್‌ಎ ಆದೇಶ, ಕಟ್ಟಡದ ನಕ್ಷೆ ಜೊತೆಗಿರಲಿ. ದೂರ ಅಳೆಯುವುದು ಹೊರಗೋಡೆಯಿಂದ. ಮುಖ್ಯ ಗೇಟಿನಿಂದಲೋ ಒಳಗಿನ ಕಟ್ಟಡದಿಂದಲೋ ಅಳೆದು ನಕ್ಷೆಯಲ್ಲಿ ದೂರ ಹೆಚ್ಚು ತೋರಿಸಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಇನ್ನೊಂದು ಎತ್ತರದ್ದು. ಇದು ವಿಮಾನ ನಿಲ್ದಾಣದ ಸುತ್ತಲಿನ 20 ಕಿ.ಮೀ.ಗೆ ಅನ್ವಯಿಸುವ 2015ರ ನಿಯಮ. ಎಲ್ಲಿ ಎಷ್ಟು ಎತ್ತರ ಕಟ್ಟಬಹುದೆಂದು ತೋರಿಸುವ ಬಣ್ಣದ ವಲಯ ನಕ್ಷೆ ಜಾರಿಯಲ್ಲಿರುವ ಕಡೆ ಅದರ ಮಿತಿಯೊಳಗೆ ಸ್ಥಳೀಯ ಸಂಸ್ಥೆಯೇ ಪರವಾನಗಿ ಕೊಡಬಹುದು. ಕೆಂಪು ವಲಯವಾದರೆ, ಮಿತಿ ಮೀರಿದರೆ ವಿಮಾನ ನಿಲ್ದಾಣ ಪ್ರಾಧಿಕಾರದ ಆನ್‌ಲೈನ್ ನೋಕಾಸ್ (ನಿರಾಕ್ಷೇಪಣಾ ಪತ್ರದ) ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕೇಳುವುದು ಮುಖ್ಯವಾಗಿ ಮೂರು: ಜಾಗದ ಮೂಲೆಗಳ ಅಕ್ಷಾಂಶ ರೇಖಾಂಶ, ನೆಲಮಟ್ಟ, ಕಟ್ಟಡದ ತುದಿ. ನೆಲಮಟ್ಟವೂ ತುದಿಯೂ ಸಮುದ್ರಮಟ್ಟದಿಂದ ಮೀಟರ್‌ಗಳಲ್ಲಿರಬೇಕು.

ತಪ್ಪಾಗುವುದು ಇಲ್ಲೇ. ನಮ್ಮ ಕಡೆ ಸರ್ವೆಯರ್‌ಗಳು ರಸ್ತೆ ಬದಿಯ ಒಂದು ಕಲ್ಲನ್ನು 100.00 ಎಂದು ಹಿಡಿದು ಲೆವೆಲ್ ತೆಗೆಯುತ್ತಾರೆ. ಪಾಯ ಹಾಕಲು ಅದು ಸಾಕು, ಈ ಅರ್ಜಿಗೆ ನಡೆಯದು. ಸಾಂಬ್ರಾ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 758 ಮೀಟರ್ ಎತ್ತರದಲ್ಲಿದೆ. ನಿಮ್ಮ ನೆಲ 762 ಮೀಟರ್ ಇದ್ದು ಮನೆ 11 ಮೀಟರ್ ಆದರೆ ತುದಿ 773 ಎಂದು ಬರೆಯಬೇಕು. ಬರೀ 11 ಎಂದು ಬರೆದ ಅರ್ಜಿ ಹಿಂದಿರುಗುತ್ತದೆ. ಮೇಲಿನ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಸೋಲಾರ್ ಚೌಕಟ್ಟು, ಮಿಂಚುವಾಹಕ ಎಲ್ಲ ಆ ಎತ್ತರದೊಳಗೇ ಸೇರಬೇಕು. ಮೊಬೈಲ್‌ನ ಜಿಪಿಎಸ್ ಹಲವು ಮೀಟರ್ ತಪ್ಪು ತೋರಿಸುತ್ತದೆ, ಎತ್ತರದಲ್ಲಿ ಇನ್ನೂ ಹೆಚ್ಚು. ಡಿಜಿಪಿಎಸ್ (ನಿಖರ ಅಳತೆಯ ಜಿಪಿಎಸ್ ಉಪಕರಣ) ಇರುವ ಸರ್ವೆಯರ್‌ರಿಂದ ಪ್ರಮಾಣಪತ್ರ ಮಾಡಿಸಿ. ಸ್ಲ್ಯಾಬ್ ಬಿದ್ದ ಮೇಲೆ ಬರುವ ನೋಟಿಸಿಗೆ ಹೋಲಿಸಿದರೆ ಆ ಖರ್ಚು ಏನೂ ಅಲ್ಲ.

ಪಂಚಾಯಿತಿಗಳಿಗೂ ಒಂದು ಮಾತು. ಗೋಡೆ ಪಕ್ಕದ ಸರ್ವೆ ನಂಬರುಗಳ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದರೆ ಎಷ್ಟೋ ಕುಟುಂಬಗಳ ಸಾಲದ ಹಣ ಉಳಿಯುತ್ತದೆ. ಇಷ್ಟನ್ನೂ ಮಾಡದೆ ಪರವಾನಗಿ ಕೊಟ್ಟು, ಆಮೇಲೆ ಜನರನ್ನು ಸೇನೆಯ ಎದುರು ನಿಲ್ಲಿಸುವುದು ಅನ್ಯಾಯ.

ಪ್ರಶ್ನೆ: ವಿಮಾನ ನಿಲ್ದಾಣದ ಹತ್ತಿರ ಕೋಳಿ ಅಂಗಡಿ ಇಡಬಾರದೇ?
– ಓದುಗರು, ಬಾಳೇಕುಂದ್ರಿ

ಉತ್ತರ: 1937ರ ವಿಮಾನ ನಿಯಮಗಳ 91ನೇ ನಿಯಮ ನಿಲ್ದಾಣದಿಂದ 10 ಕಿ.ಮೀ. ಒಳಗೆ ಪ್ರಾಣಿವಧೆಯನ್ನೂ, ಹಕ್ಕಿಗಳನ್ನು ಸೆಳೆಯುವ ಕಸ ಎಸೆಯುವುದನ್ನೂ ನಿಷೇಧಿಸುತ್ತದೆ. ಸರಿಯಾದ ವ್ಯವಸ್ಥೆಯಿದ್ದರೆ ಅನುಮತಿಗೆ ಅವಕಾಶವಿದೆ. ದೊಡ್ಡ ತೊಂದರೆ ಬರುವುದು ಪುಚ್ಚ, ಕರುಳನ್ನು ರಾತ್ರಿ ನಾಲೆಗೆ ಸುರಿಯುವುದರಿಂದ. ಬೆಳಿಗ್ಗೆ ಅಲ್ಲಿ ಹದ್ದು ಸುತ್ತುತ್ತದೆ, ಅದೇ ಹೊತ್ತಿಗೆ ವಿಮಾನ ಇಳಿಯುತ್ತದೆ. ಮುಚ್ಚಳದ ಡ್ರಮ್ಮು ಇಡಿ, ದಿನವೂ ಸಾಗಿಸುವ ವ್ಯವಸ್ಥೆಯಾಗಲಿ. ಆ ಗಾಡಿ ಓಡಿಸುವುದು ಸ್ಥಳೀಯ ಸಂಸ್ಥೆಯ ಕೆಲಸ.

ಪ್ರಶ್ನೆ: ಕಂಟೋನ್ಮೆಂಟ್‌ನ ನಾಗರಿಕ ಭಾಗ ಮಹಾನಗರ ಪಾಲಿಕೆಗೆ ಸೇರಿದರೆ ನಮ್ಮ ಮನೆ ನಮ್ಮ ಹೆಸರಿಗೆ ಆಗುತ್ತದೆಯೇ? ಸೇನೆ ಊರು ಬಿಡುವ ಮೊದಲ ಹೆಜ್ಜೆ ಇದೇ ಎನ್ನುವವರೂ ಇದ್ದಾರೆ.
– ಗೃಹಿಣಿ, ಬೆಳಗಾವಿ

ಉತ್ತರ: ಎರಡನೆಯ ಮಾತಿಗೆ ಆಧಾರವಿಲ್ಲ. ಹಿಮಾಚಲದ ಖಾಸ್ ಯೋಲ್ ಕಂಟೋನ್ಮೆಂಟ್‌ನಲ್ಲಿ 2023ರ ಏಪ್ರಿಲ್‌ನಲ್ಲಿ ಮೊದಲು ಆದಂತೆ, ನಾಗರಿಕ ಭಾಗ ಹೊರಹೋಗುತ್ತದೆ, ಸೇನೆಯ ಭಾಗ ಮಿಲಿಟರಿ ಸ್ಟೇಷನ್ ಆಗಿ ಉಳಿಯುತ್ತದೆ.

ಮನೆಯ ವಿಷಯದಲ್ಲಿ ಎಚ್ಚರವಿರಲಿ. ಕೇಂದ್ರದ ಮಾರ್ಗಸೂಚಿಯಂತೆ ರಸ್ತೆ, ನೀರು, ಚರಂಡಿಯಂಥ ಪೌರಸೇವೆಯ ಆಸ್ತಿ ಪಾಲಿಕೆಗೆ ಉಚಿತವಾಗಿ ಹೋಗುತ್ತದೆ, ತೆರಿಗೆಯೂ ಪಾಲಿಕೆಗೇ. ಆದರೆ ಎಲ್ಲಿ ನೆಲದ ಒಡೆತನ ಭಾರತ ಸರ್ಕಾರದ್ದೋ ಅಲ್ಲಿ ಅದು ಸರ್ಕಾರದ್ದಾಗಿಯೇ ಉಳಿಯುತ್ತದೆ. ಪಾಲಿಕೆಯ ತೆರಿಗೆ ರಸೀದಿ ಬಂದ ಕೂಡಲೇ ಓಲ್ಡ್ ಗ್ರಾಂಟ್ (ನೆಲ ಸರ್ಕಾರದ್ದು, ಕಟ್ಟಡ ಮಾತ್ರ ಅನುಭೋಗದಾರರದ್ದು ಎಂಬ ಹಳೆಯ ಷರತ್ತಿನ) ಬಂಗಲೆಯ ನೆಲ ನಿಮ್ಮದಾಗುವುದಿಲ್ಲ. ಈಗಲೇ ಕಂಟೋನ್ಮೆಂಟ್ ಕಚೇರಿಯಲ್ಲಿ ಜನರಲ್ ಲ್ಯಾಂಡ್ ರಿಜಿಸ್ಟರ್‌ನ ನಿಮ್ಮ ಸರ್ವೆ ನಂಬರಿನ ಉತಾರಕ್ಕೆ ಅರ್ಜಿ ಕೊಡಿ. ಅದರಲ್ಲಿ ನೆಲದ ಮಾಲೀಕರು, ಹಕ್ಕಿನ ಸ್ವರೂಪ ಮತ್ತು ಅನುಭೋಗದಾರರ ಕಾಲಂ ಬೇರೆ ಬೇರೆ ಇರುತ್ತವೆ, ಮೂರನ್ನೂ ಓದಿ. ಅನುಭೋಗದಾರರ ಕಾಲಂನಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದರೆ ವಾರಸಾ ಬದಲಾವಣೆಯನ್ನು ಈಗಲೇ ಮಾಡಿಸಿ. ಕಡತಗಳು ಕಚೇರಿಯಿಂದ ಕಚೇರಿಗೆ ಹೋದಮೇಲೆ ಅದು ಕಷ್ಟ.

ಪ್ರಶ್ನೆ: ವಿಜಯಪುರದ ಸೈನಿಕ ಶಾಲೆಗೆ ರಾಜ್ಯ ಏನು ಕೊಡುತ್ತದೆ? ನನ್ನ ಮಗಳು ಆರನೇ ತರಗತಿಗೆ ಬರೆಯಬೇಕೆಂದಿದ್ದಾಳೆ.
– ರೈತರು, ಬಾದಾಮಿ ತಾಲೂಕು, ಬಾಗಲಕೋಟೆ ಜಿಲ್ಲೆ

ಉತ್ತರ: 1963ರಲ್ಲಿ ಆರಂಭವಾದ ಈ ಶಾಲೆಗೆ ಜಾಗ, ಕಟ್ಟಡ, ವಿದ್ಯಾರ್ಥಿವೇತನ ರಾಜ್ಯದ ಪಾಲು. ಪ್ರಾಂಶುಪಾಲರೂ ಸೇನಾಧಿಕಾರಿಗಳೂ ಕೇಂದ್ರದಿಂದ ಬರುತ್ತಾರೆ. ಸೀಟುಗಳಲ್ಲಿ ಶೇ. 67 ನಮ್ಮ ರಾಜ್ಯದವರಿಗೆ. ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಸೇರುವ ವರ್ಷದ ಮಾರ್ಚ್ 31ಕ್ಕೆ ಮಗಳ ವಯಸ್ಸು 10ರಿಂದ 12ರೊಳಗಿರಬೇಕು.

ಬಹಳ ಮಕ್ಕಳು ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ಇಲ್ಲಿ ಶೇ. 27ರ ಒಬಿಸಿ ಮೀಸಲಿಗೆ ನಡೆಯುವುದು ಕೇಂದ್ರ ಸರ್ಕಾರದ ಪಟ್ಟಿ. ರಾಜ್ಯದ 2ಎ, 3ಬಿ ಪ್ರಮಾಣಪತ್ರ ಕೊಟ್ಟರೆ ಒಪ್ಪುವುದಿಲ್ಲ, ಮತ್ತು 3ಬಿ ಇದ್ದ ಮಾತ್ರಕ್ಕೆ ಆ ಪಟ್ಟಿಯಲ್ಲಿ ಹೆಸರಿರುತ್ತದೆ ಎಂದೂ ಇಲ್ಲ. ಮೊದಲು ಪಟ್ಟಿ ನೋಡಿ. ಹೆಸರಿದ್ದರೆ ನಾಡಕಚೇರಿಯಲ್ಲಿ 'ಕೇಂದ್ರ ಸರ್ಕಾರದ ಉದ್ದೇಶಕ್ಕೆ, ಕೆನೆಪದರವಲ್ಲದ ಒಬಿಸಿ' ಎಂದೇ ಸ್ಪಷ್ಟವಾಗಿ ಕೇಳಿ, ವಾಸಸ್ಥಳ ಪ್ರಮಾಣಪತ್ರವನ್ನೂ ಜೊತೆಗೇ ಹಾಕಿ. ಆಧಾರ್, ಜನನ ಪ್ರಮಾಣಪತ್ರ, ಶಾಲಾ ದಾಖಲೆ ಮೂರರಲ್ಲೂ ಮಗಳ ಹೆಸರಿನ ಕಾಗುಣಿತ ಒಂದೇ ಇರಲಿ. ತಿದ್ದಿಸಬೇಕಿದ್ದರೆ ಅರ್ಜಿ ಕರೆಯುವವರೆಗೆ ಕಾಯದೆ ಈ ತಿಂಗಳೇ ತಿದ್ದಿಸಿ.