ಪಾಲಿಸಿಯಲ್ಲಿಲ್ಲದ ಗೋದಾಮು

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದೊಂದು ಸೀರೆ ಅಂಗಡಿಯಿದೆ. ದಾಸ್ತಾನಿನ ಅಡಮಾನದ ಮೇಲೆ ಸಿ.ಸಿ. (ಕ್ಯಾಶ್ ಕ್ರೆಡಿಟ್) ಸಾಲ ಕೊಟ್ಟ ಬ್ಯಾಂಕಿನವರೇ ಪ್ರತಿ ವರ್ಷ ನನ್ನ ಖಾತೆಯಿಂದ ಪ್ರೀಮಿಯಂ ಮುರಿದುಕೊಂಡು ದಾಸ್ತಾನಿಗೆ 20 ಲಕ್ಷ ರೂಪಾಯಿಯ ವಿಮೆ ಮಾಡಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಹಿಂದಿನ ಬೀದಿಯ ಗೋದಾಮಿಗೆ ನೀರು ನುಗ್ಗಿ ಮಾಲು ಹಾಳಾಯಿತು. ಗೋದಾಮು ಪಾಲಿಸಿಯಲ್ಲಿಲ್ಲವೆಂದು ಕಂಪನಿ ಪರಿಹಾರ ನಿರಾಕರಿಸಿದೆ. ಇದು ಸರಿಯೇ?

ಉತ್ತರ: ನಿಮಗಾದ ನಷ್ಟ ದೊಡ್ಡದು, ಆದರೂ ಕಂಪನಿಯ ವಾದಕ್ಕೆ ಆಧಾರವಿದೆ ಎಂದು ಹೇಳಲೇಬೇಕಾಗಿದೆ. ಬೆಂಕಿ, ನೆರೆಯಂಥ ಅವಘಡಗಳ ಪಾಲಿಸಿ ಅದರಲ್ಲಿ ಬರೆದ ವಿಳಾಸದಲ್ಲಿರುವ ಸ್ವತ್ತಿಗೆ ಮಾತ್ರ ಅನ್ವಯಿಸುತ್ತದೆ. ಎರಡು ಕಡೆ ಮಾಲು ಇಡುವವರು ಎರಡೂ ವಿಳಾಸಗಳನ್ನು ಬರೆಸಬೇಕು, ಇಲ್ಲವೇ ಒಂದೇ ವಿಮಾ ಮೊತ್ತ ಹಲವು ಜಾಗಗಳ ಮಾಲಿಗೂ ಅನ್ವಯಿಸುವ ಫ್ಲೋಟರ್ ಸೌಲಭ್ಯ ಕೇಳಿ ಪಡೆಯಬೇಕು. ಆದರೆ ನೀವು ತಿಂಗಳು ತಿಂಗಳು ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ (ದಾಸ್ತಾನಿನ ಲೆಕ್ಕಪಟ್ಟಿಯಲ್ಲಿ) ಆ ಗೋದಾಮಿನ ಹೆಸರಿದ್ದರೆ ಮಾತು ಬೇರೆಯಾಗುತ್ತದೆ. ಗೊತ್ತಿದ್ದೂ ವಿಳಾಸ ಸೇರಿಸದ ಬ್ಯಾಂಕಿನ ಲೋಪವನ್ನು, ಜೀವನೋಪಾಯಕ್ಕಾಗಿ ಸ್ವಂತ ವ್ಯಾಪಾರ ಮಾಡುವವರು ಎರಡು ವರ್ಷದೊಳಗೆ ಗ್ರಾಹಕರ ಆಯೋಗದಲ್ಲಿ ಪ್ರಶ್ನಿಸಬಹುದು. ಆ ಹಾಳೆಗಳನ್ನು ಇಂದೇ ಹುಡುಕಿಡಿ.

ಇನ್ನೊಂದು ಕೊರತೆ ನಿಮ್ಮ ಪತ್ರದಲ್ಲೇ ಕಾಣುತ್ತಿದೆ. ಬ್ಯಾಂಕು ಮಾಡಿಸುವ ವಿಮೆಯ ಮೊತ್ತ ಹಲವು ಸಲ ಸಾಲಕ್ಕೆ ತಕ್ಕಂತಿರುತ್ತದೆಯೇ ಹೊರತು ಮಾಲಿಗೆ ತಕ್ಕಂತಲ್ಲ. ಹಬ್ಬದ ಮುಂಚೆ ಅಂಗಡಿಯಲ್ಲಿ 40 ಲಕ್ಷದ ಮಾಲಿದ್ದು ವಿಮೆ 20 ಲಕ್ಷಕ್ಕಷ್ಟೇ ಇದ್ದರೆ, 10 ಲಕ್ಷ ನಷ್ಟವಾದಾಗ ಕೈಗೆ ಬರುವುದು ಸುಮಾರು 5 ಲಕ್ಷ. ಉಳಿದರ್ಧವನ್ನು ನೀವೇ ಹೊತ್ತಂತೆ ಲೆಕ್ಕ ಹಾಕುತ್ತಾರೆ. ಒಂದು ಜಾಗದಲ್ಲಿ 5 ಕೋಟಿವರೆಗಿನ ಸ್ವತ್ತು ಇರುವವರಿಗೆ 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ. ಅರ್ಧಕ್ಕರ್ಧ ಕೊರತೆಗೆ ಆ ಮನ್ನಾ ಸಿಗದು. ಆದ್ದರಿಂದ ವರ್ಷದಲ್ಲಿ ದಾಸ್ತಾನು ಅತಿ ಹೆಚ್ಚಿರುವ ತಿಂಗಳ ಲೆಕ್ಕಕ್ಕೆ ವಿಮೆ ಮಾಡಿಸಿ.

ಬೀಗ ಮುರಿದು ಮಾಡುವ ಕಳ್ಳತನಕ್ಕೂ, ನಂಬಿದ ಕೆಲಸಗಾರನೇ ಹಣ ಎತ್ತಿಕೊಂಡು ಹೋಗುವುದಕ್ಕೂ ಬೇರೆ ಬೇರೆ ಪಾಲಿಸಿಗಳಿವೆ. ಶಾರ್ಟ್ ಸರ್ಕ್ಯೂಟಿನಿಂದ ಹೊತ್ತಿದ ಬೆಂಕಿ ಸೀರೆಗಳಿಗೆ ಹಬ್ಬಿದರೆ ಸೀರೆಗಳ ನಷ್ಟಕ್ಕೆ ಪರಿಹಾರವುಂಟು, ಶಾರ್ಟ್ ಸರ್ಕ್ಯೂಟ್ ಆಗಿ ಸುಟ್ಟ ವಿದ್ಯುತ್ ಉಪಕರಣಕ್ಕಿಲ್ಲ.

ಪರಿಹಾರ ನಿರಾಕರಿಸಿದ್ದರ ಬಗ್ಗೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಅಂಗಡಿ ನಿಮ್ಮೊಬ್ಬರ ಒಡೆತನದ್ದಾಗಿರುವ ಪಕ್ಷದಲ್ಲಿ, ಒಂದು ವರ್ಷದೊಳಗೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.