ಬುಡಕಟ್ಟು ಕೋರ್ಟಿನ ರಕ್ಷಣಾ ಆದೇಶ ಹೊರಗೂ ನಡೆಯುತ್ತದೆ

ನಿಮ್ಮ ಗೆಳತಿಗೆ ಅಮೆರಿಕದ ನವಾಹೊ ಬುಡಕಟ್ಟಿನ ಕೋರ್ಟು ಕೊಟ್ಟ ರಕ್ಷಣಾ ಆದೇಶವನ್ನು (ಹಿಂಸೆ ಕೊಡುವವನು ಹತ್ತಿರ ಬರಬಾರದೆಂಬ ಆದೇಶ) ಬುಡಕಟ್ಟಿನ ನೆಲದ ಹೊರಗಿನ ಊರಿನ ಪೊಲೀಸರು ಒಪ್ಪದಿರಲು ಕಾರಣ ಬಹುಶಃ ಇದು: ಮೊದಲು ರಾಜ್ಯದ ಕೋರ್ಟಿನಲ್ಲಿ ನೋಂದಾಯಿಸಬೇಕೆಂಬ ತಪ್ಪು ತಿಳಿವಳಿಕೆ. ಬೇಕಿಲ್ಲ. ಅಮೆರಿಕದ ಫೆಡರಲ್ ಕಾನೂನು (ಟೈಟಲ್ 18, ಸೆಕ್ಷನ್ 2265) ಪ್ರಕಾರ ಎಲ್ಲ ರಾಜ್ಯಗಳೂ ಅದನ್ನು ತಮ್ಮದೇ ಆದೇಶದಂತೆ ಜಾರಿ ಮಾಡಬೇಕು.

ಮೊದಲು ಕೋರ್ಟ್ ಕ್ಲರ್ಕ್ ಬಳಿ ದೃಢೀಕೃತ ಪ್ರತಿ ಪಡೆದು ಸದಾ ಜೊತೆಗಿಟ್ಟುಕೊಳ್ಳಲಿ. ಎದುರಿನವನಿಗೆ ನೋಟಿಸ್ ಮುಟ್ಟಿದ ದಾಖಲೆಯೂ ಇರಲಿ, ತಕರಾರು ಏಳುವುದು ಅಲ್ಲೇ. ಅವಧಿ ಮುಗಿದಿಲ್ಲವಷ್ಟೇ? ತಾತ್ಕಾಲಿಕ ಆದೇಶವಾದರೆ ಅದನ್ನು ಇವತ್ತೇ ನೋಡಿ. ಆಮೇಲೆ ಆದೇಶ ಪೊಲೀಸರ ರಾಷ್ಟ್ರೀಯ ಡೇಟಾಬೇಸ್ ಎನ್‌ಸಿಐಸಿಗೆ ಸೇರಿದೆಯೇ ಎಂದು ಅದೇ ಕ್ಲರ್ಕ್ ಬಳಿ ವಿಚಾರಿಸಲಿ. ಮತ್ತೆ ನಿರಾಕರಿಸಿದರೆ ಠಾಣೆಯ ಮೇಲಧಿಕಾರಿಯನ್ನು ಕರೆಸಿ ಸೆಕ್ಷನ್ ತೋರಿಸಲಿ. ಅವನು ಮನೆ ಹತ್ತಿರ ಬಂದರೆ ಇದ್ಯಾವುದಕ್ಕೂ ಕಾಯದೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಲಿ.